ನೂರು ತುಂಬದ ಸಾಮಾನುಗಳು

ಈಗ ಬೆಂಗಳೂರಿನ ಯಾವ ಹೊಸ ಕೆಫೆಗೆ ಬೇಕಾದ್ರೂ ಹೋಗಿ. ಶೆಲ್ಫಿನ ಮೇಲೊಂದು ವಾಲ್ವ್ ರೇಡಿಯೋ, ಮೂಲೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ತುತ್ತೂರಿಯ ಗ್ರಾಮಾಫೋನು, ಬಿಲ್ ಕೊಡೋ ಜಾಗದಲ್ಲಿ ಒಂದು ಕಪ್ಪು ಟೆಲಿಫೋನು ಇದ್ದೇ ಇರುತ್ತೆ. ರೇಡಿಯೋ ಹಾಡಲ್ಲ, ಗ್ರಾಮಾಫೋನು ತಿರುಗಲ್ಲ, ಟೆಲಿಫೋನಿಗೆ ವೈರೇ ಇಲ್ಲ. ಆದರೂ ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ. ಇದಕ್ಕೆ 'ವಿಂಟೇಜ್' ಅಂತ ಹೆಸರು. ನಮ್ಮ ಆಫೀಸಿನಲ್ಲೇ ನಾಲ್ಕೈದು ಜನ ಇಂಥವನ್ನು ಆನ್‌ಲೈನಿನಲ್ಲಿ ತರಿಸಿ ಹಾಲಿನಲ್ಲಿ ಇಟ್ಟುಕೊಂಡಿದ್ದಾರೆ.

ನಾನೂ ಹಳೇ ಸಾಮಾನು ಸೇರಿಸೋ ಗಿರಾಕಿಯೇ. ಹಾಗಾಗಿ ಈ ಹುಚ್ಚನ್ನು ಬೈಯೋಕೆ ಇದನ್ನು ಬರೀತಿಲ್ಲ. ನನ್ನ ತಕರಾರು ಬೇರೆ. ಇಲ್ಲಿ ಹಳೇದರ ಥರ ಕಾಣೋ ಹೊಸ ಸಾಮಾನಿಗೆ ಸಾವಿರಾರು ರೂಪಾಯಿ ಕೊಡ್ತಿರೋ ಹೊತ್ತಿನಲ್ಲೇ, ನಮ್ಮ ಊರುಗಳಲ್ಲಿ 1950-60ರ ದಶಕದ ಅಸಲಿ ಸಾಮಾನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗ್ತಿದೆ. ಸಾಮಾನು ಹೋದರೆ ಹೋಗಲಿ, ಅದರ ಜೊತೆಗೆ ಇನ್ನೊಂದು ಹೋಗ್ತಿದೆ, ಅದು ಯಾರಿಗೂ ಕಾಣ್ತಿಲ್ಲ. ಅದರ ಬಗ್ಗೆ ಸ್ವಲ್ಪ ಹರಟೋಣ ಅಂತ.

ಯಾರಿಗೂ ಬೇಡದ ವಯಸ್ಸು

ಮನುಷ್ಯರಿಗೆ ಮಧ್ಯವಯಸ್ಸು ಅಂತ ಒಂದು ಕಷ್ಟಕಾಲ ಇರೋ ಹಾಗೆ ವಸ್ತುಗಳಿಗೂ ಇದೆ. ನಮ್ಮ ದೇಶದಲ್ಲಿ ಪುರಾತನ ವಸ್ತುಗಳನ್ನು ಕಾಯೋಕೆ 1972ರ ಕಾನೂನು ಇದೆ. ಆ ಕಾನೂನಿನ ಪ್ರಕಾರ ಒಂದು ವಸ್ತು 'ಪುರಾತನ' ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು (ಹಸ್ತಪ್ರತಿಗಳಿಗೆ 75). ಅಂದ್ರೆ 1955ರಲ್ಲಿ ಮಾಡಿದ ಕುರ್ಚಿಗೆ ಆ ಗೌರವ ಸಿಗೋದು 2055ಕ್ಕೆ. ಅಲ್ಲಿವರೆಗೆ ಅದು ಬರೀ ಹಳೇ ಕುರ್ಚಿ.

ಮ್ಯೂಸಿಯಮ್ಮಿಗೆ ಅಪರೂಪದ್ದು ಬೇಕು. ಮನೆಮನೆಯಲ್ಲೂ ಇದ್ದ ಎನಾಮಲ್ ತಟ್ಟೆ, ಕಸೂತಿ ಹಾಕಿದ ರೇಡಿಯೋ ಕವರು, ಶೋಕೇಸಿನಲ್ಲಿದ್ದ ಗಂಧದ ಆನೆ, ಮರದ ಹಲಗೆ ಮೇಲಿನ ಗುಂಡು ಬೇಕಲೈಟ್ ಸ್ವಿಚ್ಚು - ಇವು ಅಪರೂಪ ಅಲ್ಲವೇ ಅಲ್ಲ. ಎಲ್ಲರ ಮನೆಯಲ್ಲೂ ಇತ್ತು ಅಂತಲೇ ಯಾರೂ ಎತ್ತಿಡಲಿಲ್ಲ, ಹಾಗಾಗಿ ನಾಳೆ ಅಪರೂಪ ಆಗುತ್ತೆ. ತಮಾಷೆ ನೋಡಿ.

ಗುಜರಿಯವರಿಗೆ ಲೋಹ ಮತ್ತು ತೂಕ ಬೇಕು. ಮನೆಯವರಿಗೆ ಜಾಗ ಬೇಕು. ಅಪ್ಪ-ದೊಡ್ಡಪ್ಪಂದಿರ ಭಾಗ ಆಗುತ್ತೆ, ಮನೆ ಮಾರಾಟ ಆಗುತ್ತೆ, ಕೀ ಕೊಡೋಕೆ ಹದಿನೈದು ದಿನ ಟೈಮಿರುತ್ತೆ. ಆಗ ಚಿನ್ನ, ಬೆಳ್ಳಿ, ಪತ್ರಗಳನ್ನು ಎಲ್ಲರೂ ಹುಷಾರಾಗಿ ನೋಡ್ತಾರೆ. ಮಿಕ್ಕಿದ್ದಕ್ಕೆಲ್ಲ "ಒಂದು ಆಟೋ ಕರೀರಿ".

ಚಂಡೀಗಢದ ಕುರ್ಚಿ ಹೇಳೋ ಪಾಠ

ಇದರಲ್ಲೇನಿದೆ ಮಹಾ, ಹಳೇದು ಹೋಗುತ್ತೆ ಹೊಸದು ಬರುತ್ತೆ ಅನ್ನೋರಿಗೆ ನಾನು ಯಾವಾಗಲೂ ಚಂಡೀಗಢದ ಕುರ್ಚಿ ಕಥೆ ಹೇಳ್ತೀನಿ.

1950ರ ದಶಕದಲ್ಲಿ ಆ ಊರು ಕಟ್ಟೋವಾಗ ಲ ಕಾರ್ಬೂಸಿಯೇ ಜೊತೆ ಅವನ ದಾಯಾದಿ ಪಿಯರ್ ಜನ್ನೆರೆ ಕೂಡ ಬಂದ. ಕಚೇರಿ, ಕಾಲೇಜು, ಲೈಬ್ರರಿಗಳಿಗೆ ಬೇಕಾದ ಪೀಠೋಪಕರಣಗಳ ವಿನ್ಯಾಸದ ಕೆಲಸದಲ್ಲಿ ಅವನದ್ದೇ ದೊಡ್ಡ ಪಾಲು. ತೇಗದ ಮರ, ಬೆತ್ತದ ಹೆಣಿಗೆ, ತಲೆಕೆಳಗಾದ 'ವಿ' ಆಕಾರದ ಕಾಲು. ಮಾಡಿದವರು ಅಲ್ಲಿನ ಬಡಗಿಗಳು. ಸಾವಿರಾರು ಕುರ್ಚಿ ಮಾಡಿದರು. ಆಮೇಲೆ ಬೆತ್ತ ಹರಿಯಿತು, ಕಾಲು ಅಲ್ಲಾಡಿತು, ಸ್ಟೀಲು-ಪ್ಲಾಸ್ಟಿಕ್ಕಿನ ಕುರ್ಚಿ ಬಂತು. ಹಳೇವನ್ನು ಟೆರೇಸಿನ ಮೇಲೆ ಗುಡ್ಡೆ ಹಾಕಿ, ಸರ್ಕಾರವೇ ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಮಾರಿತು. ಕೊಂಡವರಲ್ಲಿ ಪ್ಯಾರಿಸ್ಸಿನ ವ್ಯಾಪಾರಿಗಳೂ ಇದ್ದರು. ಅವರು ಅವನ್ನು ರಿಪೇರಿ ಮಾಡಿಸಿ ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಅಮೀ ಸೀಗಲ್ ಅನ್ನೋ ಕಲಾವಿದೆ 2013ರಲ್ಲಿ ಇದರ ಮೇಲೆಯೇ 'ಪ್ರಾವೆನೆನ್ಸ್' ಅಂತ ಒಂದು ಸಿನಿಮಾ ಮಾಡಿದ್ದಾರೆ. ಶ್ರೀಮಂತರ ಮನೆಯಲ್ಲಿರೋ ಕುರ್ಚಿಯಿಂದ ಶುರುವಾಗಿ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಚಂಡೀಗಢಕ್ಕೆ ಬಂದು ನಿಲ್ಲುತ್ತೆ ಅದು.

2011ರಲ್ಲಿ ಕೇಂದ್ರ ಗೃಹ ಇಲಾಖೆ ಎಚ್ಚೆತ್ತು ಇವನ್ನು ಮಾರಬಾರದು ಅಂತ ಆದೇಶ ಹೊರಡಿಸಿತು. ಆದ್ರೆ ಮೇಲೆ ಹೇಳಿದೆನಲ್ಲ, ನೂರು ವರ್ಷದ ಕಾನೂನು? ಅದರ ಲೆಕ್ಕದಲ್ಲಿ ಇವು ಪುರಾತನ ಅಲ್ಲ. ಹಾಗಾಗಿ ಆದೇಶ ಬಂದ ಮೇಲೂ ಹೊರದೇಶದ ಹರಾಜುಗಳು ನಿಲ್ಲಲಿಲ್ಲ.

ಈ ಕಥೆ ಹೇಳಿದಾಗ ಎಲ್ಲರೂ ದುಡ್ಡಿನ ವಿಷಯಕ್ಕೇ ಬಾಯಿ ಬಿಡ್ತಾರೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಆ ಕುರ್ಚಿಗಳ ಹಿಂಭಾಗದಲ್ಲಿ ಯಾವುದೋ ಸ್ಟೋರ್‌ಕೀಪರ್ ಬಿಳಿ ಬಣ್ಣದಲ್ಲಿ ಇಲಾಖೆ ಹೆಸರು, ನಂಬರು ಬರೆದಿರ್ತಾನೆ. ನಮ್ಮ ಸರ್ಕಾರಿ ಆಫೀಸುಗಳಲ್ಲಿ ಈಗಲೂ ಬರೀತಾರಲ್ಲ, ಅದೇ ಥರ. ಇವತ್ತು ಕುರ್ಚಿ ಅಸಲಿಯೋ ನಕಲಿಯೋ ಅಂತ ನೋಡೋವಾಗ ಎಲ್ಲರೂ ಮೊದಲು ಹುಡುಕೋದು ಆ ಬರಹವನ್ನೇ. ಅಂದವಾದ ಕುರ್ಚಿಗೆ ಇದೇನು ಅಸಹ್ಯ ಅಂತ ಯಾರಾದ್ರೂ ಅದನ್ನು ಉಜ್ಜಿ ಅಳಿಸಿದ್ದಿದ್ರೆ ಅದರ ಸಾಕ್ಷಿಯೇ ಹೋಗ್ತಿತ್ತು. ಟೆರೇಸಿನ ಮೇಲಿದ್ದಾಗಲೂ, ಪ್ಯಾರಿಸ್ಸಿನಲ್ಲೂ ಕುರ್ಚಿ ಅದೇ. ಅದೇನು ಅಂತ ಗೊತ್ತಿದ್ದವರ ಕೈಗೆ ಬಂದಾಗ ಬೆಲೆ ಬಂತು ಅಷ್ಟೇ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಫೈಲಿಗಿಂತ ಫೈಲಿನ ಮೆಟಾಡೇಟಾ ಮುಖ್ಯ. ಹತ್ತು ಸಾವಿರ ಫೋಟೋ ಇದ್ದು ಯಾವುದಕ್ಕೂ ಹೆಸರು-ತಾರೀಖು ಇಲ್ಲದಿದ್ರೆ ಹುಡುಕೋದಾದ್ರೂ ಹೇಗೆ?

ಅಜ್ಜಿಯರಿಗೆ ಇದು ಗೊತ್ತಿತ್ತು

ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಹಾಕಿಸೋ ಪದ್ಧತಿ ಇತ್ತು, ನೆನಪಿದೆಯಾ? ಪಾತ್ರೆ ಅಂಗಡಿಯಲ್ಲೇ ಕೂತು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡೋರು. ಯಾರು ಕೊಟ್ಟಿದ್ದು, ಯಾರಿಗೆ, ಯಾವ ಸಮಾರಂಭ, ಯಾವ ತಾರೀಖು. ಮದುವೆ, ಉಪನಯನ, ನಾಮಕರಣ, ಗೃಹಪ್ರವೇಶ ಎಲ್ಲ ಆ ಪಾತ್ರೆಗಳ ಮೇಲೇ ಇತ್ತು. ನಮ್ಮಜ್ಜಿಯ ಒಂದು ಹಿತ್ತಾಳೆ ಕೊಳಗದ ಕಂಠದಲ್ಲಿ ಅವರ ತವರೂರಿನ ಹೆಸರು, 1961 ಅಂತ ಇಸವಿ ಇದೆ. ಅಜ್ಜಿಯ ಮದುವೆ ಯಾವ ವರ್ಷ ಅಂತ ಮನೆಯಲ್ಲಿ ಇದ್ದ ಜಗಳ ತೀರಿದ್ದು ಅದರಿಂದಲೇ :-)

ಅಂಥ ಪಾತ್ರೆಯನ್ನು ಗುಜರಿಗೆ ಹಾಕಿದಾಗ ಹೋಗೋದು ಮೂರು ಕೆಜಿ ಹಿತ್ತಾಳೆ ಮಾತ್ರ ಅಲ್ಲ. ಆ ಮನೆಯ ದಾಖಲೆ ಪುಸ್ತಕದ ಒಂದು ಹಾಳೆ ಹೋಗುತ್ತೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರು ಆಸ್ತಿಪತ್ರದಲ್ಲಿ ಇಲ್ಲ, ಸ್ಕೂಲಿನ ದಾಖಲೆಯಲ್ಲಿ ಇಲ್ಲ, ಪಾತ್ರೆ ಮೇಲೆ ಮಾತ್ರ ಇದೆ. ಇದನ್ನು ಯೋಚಿಸಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸುತ್ತಿ 1958ರಲ್ಲಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಆ ವರದಿಯಲ್ಲಿ ಅವರು ತುಂಬ ಮೆಚ್ಚಿ ಬರೆದಿದ್ದು ತಾಜಮಹಲಿನ ಬಗ್ಗೆ ಅಲ್ಲ, ನಮ್ಮ ಚೊಂಬಿನ ಬಗ್ಗೆ. ಎಷ್ಟು ನೀರು ಹಿಡಿಯುತ್ತೆ, ಸೊಂಟದ ಮೇಲೆ ಹೇಗೆ ಕೂರುತ್ತೆ, ತುಂಬಿದಾಗ ತೂಕ ಹೇಗೆ ಹಂಚಿಕೆಯಾಗುತ್ತೆ, ಬಗ್ಗಿಸಿದಾಗ ನೀರು ಹೇಗೆ ಬೀಳುತ್ತೆ ಅಂತೆಲ್ಲ ಕೇಳ್ತಾ ಹೋಗ್ತಾರೆ. ಹೊರಗಿನವರು ನಮ್ಮ ಚೊಂಬಿಗೆ ಇಷ್ಟು ಪ್ರಶ್ನೆ ಕೇಳಿದರು. ನಾವು ನಮ್ಮ ಮನೆಯ ಚೊಂಬಿಗೆ ಒಂದಾದ್ರೂ ಕೇಳಿದ್ದೀವಾ?

ಒಂದು ರೇಡಿಯೋ, ಎರಡು ಬೆಲೆ

ನಮ್ಮ ತಾತ ತಿಪಟೂರು ಕಡೆ ಮೇಷ್ಟ್ರಾಗಿದ್ದವರು. ಅವರ ಮನೆಯಲ್ಲೊಂದು ಮರ್ಫಿ ರೇಡಿಯೋ. ಮನೆ ಖಾಲಿ ಮಾಡೋವಾಗ ಗುಜರಿಯವರು ಬಂದು ಎತ್ತಿ ನೋಡಿ, "ಮರ ಸೌದೆಗಷ್ಟೇ ಸಾರ್, ಒಳಗಿರೋ ತಾಮ್ರ ಎಷ್ಟಿರುತ್ತೋ ಅಷ್ಟು" ಅಂದರು. ಅವರ ಮಾತು ತಪ್ಪಲ್ಲ, ಅವರ ತಕ್ಕಡಿಗೆ ಗೊತ್ತಿರೋದು ಅಷ್ಟೇ.

ನಮ್ಮ ಅತ್ತೆ (ಅಪ್ಪನ ಅಕ್ಕ) ಅಲ್ಲೇ ನಿಂತಿದ್ದವರು ಮಾತಾಡೋಕೆ ಶುರು ಮಾಡಿದರು. ಅದರ ಮೇಲಿನ ಬಿಳಿ ದಾರದ ಕವರು ಅವರು ಹೈಸ್ಕೂಲಿನಲ್ಲಿದ್ದಾಗ ಹೆಣೆದಿದ್ದಂತೆ. 1971ರ ಯುದ್ಧದ ಸಮಯದಲ್ಲಿ ವಾರ್ತೆ ಕೇಳೋಕೆ ಬೀದಿಯವರೆಲ್ಲ ಜಗಲಿಗೆ ಬರ್ತಿದ್ದರಂತೆ. ಗುಂಡಿ ತಿರುಗಿಸಿದ ತಕ್ಷಣ ಹಾಡಲ್ಲ, ವಾಲ್ವುಗಳು ಕಾಯಬೇಕು. "ಅಷ್ಟು ಹೊತ್ತು ಯಾರೂ ಮಾತಾಡೋ ಹಾಗಿರ್ಲಿಲ್ಲ ಕಣೋ, ಅಪ್ಪ ಬೈತಿದ್ರು" ಅಂದರು. ಟ್ರಂಕಿನಲ್ಲಿ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಆಗ ರೇಡಿಯೋ ಇಟ್ಟುಕೊಂಡವರು ವರ್ಷವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಈ ಪದ್ಧತಿ ಹೋಗಿದ್ದು 1980ರ ದಶಕದ ಮಧ್ಯದಲ್ಲಿ. ತಾತನ ಹೆಸರು, ವಿಳಾಸ, ಸಾಲಾಗಿ ಸ್ಟ್ಯಾಂಪುಗಳು. ರೇಡಿಯೋದ ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಪೆನ್ಸಿಲಿನಲ್ಲಿ ರಿಪೇರಿಯವರು ಬರೆದ ತಾರೀಖುಗಳು!

ಈಗ ಹೇಳಿ, ಆ ಕೆಫೆಯ ಶೆಲ್ಫಿನಲ್ಲಿರೋದೂ ರೇಡಿಯೋವೇ, ಇದೂ ರೇಡಿಯೋವೇ. ಅದು ಯಾರ ಮನೆಯದ್ದು? ಗೊತ್ತಿಲ್ಲ. ಇದು ಯಾರದ್ದು ಅಂತ ಇನ್ನು ಐವತ್ತು ವರ್ಷ ಆದಮೇಲೂ ಹೇಳಬಹುದು, ಲೈಸೆನ್ಸು, ಕವರು, ಅತ್ತೆಯ ಮಾತು ಮೂರನ್ನೂ ಜೊತೆಗಿಟ್ಟರೆ.

(ಇಂಜಿನಿಯರ್ ಬುದ್ಧಿ ಬಿಡಲ್ಲ, ಒಂದು ಎಚ್ಚರಿಕೆ: ಇಂಥ ರೇಡಿಯೋ ಸಿಕ್ಕಿದ ತಕ್ಷಣ ಕರೆಂಟಿಗೆ ಸಿಕ್ಕಿಸಬೇಡಿ. ಒಳಗಿನ ಕಾಗದದ ಕೆಪಾಸಿಟರುಗಳು ಇಷ್ಟು ವರ್ಷಕ್ಕೆ ಕೆಟ್ಟಿರುತ್ತವೆ, ನೂರಾರು ವೋಲ್ಟ್ ಇರುತ್ತೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸಿಗೋದು ಕಷ್ಟ. ಗೊತ್ತಿರೋರ ಹತ್ರ ತೋರಿಸಿ. ಬದಲಾಯಿಸಿದ ಹಳೇ ಬಿಡಿಭಾಗಗಳನ್ನು ಕವರಿನಲ್ಲಿ ಹಾಕಿ ಒಳಗೇ ಇಡಿ.)

ತುತ್ತೂರಿಯ ಸುಳ್ಳು

ಆ ಹೊಳೆಯೋ ಗ್ರಾಮಾಫೋನಿನ ವಿಷಯಕ್ಕೆ ಬರೋಣ. ಹೊರಗೆ ದೊಡ್ಡ ತುತ್ತೂರಿ ಇರೋ ಗ್ರಾಮಾಫೋನು 1920ರ ದಶಕದ ಹೊತ್ತಿಗೇ ಹಳೇ ಫ್ಯಾಷನ್ ಆಗಿ, ತುತ್ತೂರಿ ಪೆಟ್ಟಿಗೆಯೊಳಗೆ ಸೇರಿಕೊಂಡಿತ್ತು. 1950ರ ಮನೆಗಳಲ್ಲಿ ಇದ್ದಿದ್ದು ಸೂಟ್‌ಕೇಸ್ ಥರ ಮುಚ್ಚಿ ಕೈಯಲ್ಲಿ ಹಿಡ್ಕೊಂಡು ಹೋಗೋ ಪೆಟ್ಟಿಗೆ. ನೋಡೋಕೆ ಸಾದಾ. ಈಗ ಮಾರ್ಕೆಟ್ಟಿನಲ್ಲಿ ಸಿಗೋ ಎಷ್ಟೋ ತುತ್ತೂರಿ ಗ್ರಾಮಾಫೋನುಗಳಲ್ಲಿ ಹೊಸ ಮರ, ಹೊಸ ಹಿತ್ತಾಳೆ, ಒಳಗಿನ ಮೋಟಾರು ಮಾತ್ರ ಹಳೇದು. ಆ ಮೋಟಾರು ಎಲ್ಲಿಂದ ಬಂತು? ಅದೇ ಸಾದಾ ಪೆಟ್ಟಿಗೆಯಿಂದ. ಒಂದು ಅಸಲಿಯನ್ನು ಬಿಚ್ಚಿ ಒಂದು ನಕಲಿ ಮಾಡ್ತಾರೆ. ಕೊಳ್ಳೋರು ನಾವು ಅಂತ ತಾನೇ ಮಾಡೋದು?

ಅದಕ್ಕೆ ಹಾಕೋ ಅರಗಿನ ತಟ್ಟೆಗಳದ್ದು ಇನ್ನೂ ಸ್ವಾರಸ್ಯ. ಬೇರೆ ದೇಶಗಳು ನಿಲ್ಲಿಸಿದ ಮೇಲೂ ನಮ್ಮಲ್ಲಿ 78 ವೇಗದ ತಟ್ಟೆಗಳು 1960ರ ದಶಕದಲ್ಲಿ ಬರ್ತಾನೇ ಇದ್ದವು, ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಟ್ಟು ಕೇಳೋರು ಇದ್ದರಲ್ಲ. ಹಾಗಾಗಿ ಬೀಟಲ್ಸ್ ಹಾಡುಗಳೂ ಇಲ್ಲಿ 78ರ ತಟ್ಟೆಯಾಗಿ ಬಂದವು, ಅವನ್ನು ಈಗ ಹೊರದೇಶದವರು ಹುಡುಕಿಕೊಂಡು ಬರ್ತಾರೆ. ಅದೇ ಕಾಲದ ಕನ್ನಡ ನಾಟಕದ ಹಾಡುಗಳ ತಟ್ಟೆ? ಅದನ್ನು ಹುಡುಕಿಕೊಂಡು ಲಂಡನ್ನಿನಿಂದ ಯಾರೂ ಬರಲ್ಲ ಸ್ವಾಮಿ. ಅದು ನಮ್ಮದೇ ಕೆಲಸ.

ನಮ್ಮದೇ ಆದ ಮೂರು

ಬರೀ ರೇಡಿಯೋ ಗಡಿಯಾರ ಅಲ್ಲ, ನಮ್ಮ ನಾಡಿನದ್ದೇ ಆದ ಆ ಕಾಲದ ಅಲಂಕಾರದ ವಸ್ತುಗಳು ಎಷ್ಟೋ ಇವೆ. ನಾನು ಗಮನಿಸೋ ಮೂರು ಹೇಳ್ತೀನಿ.

ಒಂದು, ಕ್ಯಾಲೆಂಡರ್ ಚಿತ್ರ. ಕಲಬುರಗಿಯ ಎಸ್. ಎಂ. ಪಂಡಿತರ (1916-1993) ದೇವರ ಚಿತ್ರಗಳು ಕ್ಯಾಲೆಂಡರುಗಳಾಗಿ ದೇಶದ ಮನೆಮನೆಗೆ ಹೋದವು. ವರ್ಷ ಮುಗಿದ ಮೇಲೆ ತಾರೀಖಿನ ಭಾಗ ಕತ್ತರಿಸಿ ಕಟ್ಟು ಹಾಕಿಸೋರು. ಅಂಥ ಫೋಟೋ ಸಿಕ್ಕಿದರೆ ಕಲಾವಿದರ ಸಹಿ ನೋಡಿ. ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ನ್ಯೂಸ್‌ಪೇಪರ್ ಇರಬಹುದು. ಅದನ್ನು ಎಸೀಬೇಡಿ, ಕಟ್ಟು ಹಾಕಿಸಿದ್ದು ಯಾವಾಗ ಅಂತ ಅದರ ತಾರೀಖೇ ಹೇಳುತ್ತೆ. ಆದ್ರೆ ಚಿತ್ರಕ್ಕೆ ತಾಗೋ ಹಾಗೆ ಮತ್ತೆ ಇಡಬೇಡಿ, ಆ ಕಾಗದದ ಆಮ್ಲ ಚಿತ್ರವನ್ನೂ ಹಳದಿ ಮಾಡುತ್ತೆ.

ಎರಡು, ಬಿದರಿ. ಸತು-ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬರಿಸೋದು ಎಲ್ಲರಿಗೂ ಗೊತ್ತು. ನವಾಬರ ಹುಕ್ಕಾ ಮಾಡ್ತಿದ್ದ ಅದೇ ಕೈಗಳು ಇಪ್ಪತ್ತನೇ ಶತಮಾನದಲ್ಲಿ ಸಿಗರೇಟಿನ ಬೂದಿ ತಟ್ಟೆ, ಹೂದಾನಿ, ಶರ್ಟಿನ ಗುಂಡಿ ಮಾಡಿದವು. ಹಳೇ ಹುಕ್ಕಾ ಮ್ಯೂಸಿಯಮ್ಮಿನಲ್ಲಿದೆ, ಬೂದಿ ತಟ್ಟೆ ಗುಜರಿಯಲ್ಲಿದೆ. ಸಿಕ್ಕಿದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕಪ್ಪು ಹೋಗುತ್ತೆ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ, ಸಾಕು.

ಮೂರು, ಮೈಸೂರಿನ ಬೀಟೆ ಮರದ ಕೂರಿಸು ಕೆಲಸದ ಪಟಗಳು, ಡಬ್ಬಿಗಳು. ಇಲ್ಲಿ ಹುಷಾರು. ಹಳೇ ಕೆಲಸದಲ್ಲಿ ಬಿಳಿ ಭಾಗ ಆನೆದಂತ ಆಗಿರಬಹುದು. ನಮ್ಮಲ್ಲಿ ಆನೆದಂತದ ವ್ಯಾಪಾರ ಅಪರಾಧ, ಎಷ್ಟೇ ಹಳೇದಾಗಿರಲಿ. ನಿಷೇಧ ಬಂದಮೇಲೆ ಕುಶಲಕರ್ಮಿಗಳು ಪ್ಲಾಸ್ಟಿಕ್ಕು, ಬೇರೆ ಬೇರೆ ಬಣ್ಣದ ಮರಗಳನ್ನೇ ಬಳಸಿ ಅದೇ ಚಿತ್ರ ಬರಿಸ್ತಿದ್ದಾರೆ. ನನ್ನನ್ನು ಕೇಳಿದ್ರೆ ಬಣ್ಣ ಹಾಕದೆ ಬರೀ ಮರದ ಸಹಜ ಬಣ್ಣಗಳಲ್ಲಿ ಮಾಡಿದ್ದೇ ಹೆಚ್ಚು ಚೆಂದ.

ಇರ್ಲಿ, ಎದುರುವಾದವನ್ನೂ ಕೇಳೋಣ

"ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕೊಳಗ ಎಲ್ಲಿಡಲಿ?" ನ್ಯಾಯವಾದ ಪ್ರಶ್ನೆ. ಎಲ್ಲ ಇಡಬೇಕು ಅಂತ ನಾನು ಹೇಳ್ತಿಲ್ಲ. ಎಲ್ಲ ಇಟ್ಟರೆ ಅದು ಗೋಡೌನು. ಒಂದನ್ನು ಸರಿಯಾಗಿ ಇಡೋದು ಹತ್ತನ್ನು ಅಟ್ಟಕ್ಕೆ ತುರುಕೋದಕ್ಕಿಂತ ವಾಸಿ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿ. ಒಮ್ಮೆ ನಮ್ಮಮ್ಮ ಕೇಳಿದರು: "ಹಿತ್ತಾಳೆ ಚೆಂದ ಅಂತೀಯಲ್ಲ, ದಿನಾ ಬೂದಿ ಹುಣಸೆಹಣ್ಣು ಹಾಕಿ ಬೆಳಗ್ತಿದ್ದೋರು ಯಾರು?" ಉತ್ತರ ಎಲ್ಲರಿಗೂ ಗೊತ್ತು. ಸ್ಟೀಲು ಬಂದಾಗ ನಮ್ಮಜ್ಜಿಯರು ಹಿತ್ತಾಳೆಯನ್ನು ಖುಷಿಯಾಗೇ ತೂಕಕ್ಕೆ ಹಾಕಿ ಬದಲಾಯಿಸಿಕೊಂಡರು, ಬೆನ್ನುನೋವು ಕಡಿಮೆ ಆಯಿತು. ಅವರು ಮಾಡಿದ್ದು ಸರಿ. ಹಳೇ ಕಾಲ ಚಿನ್ನದಂಥ ಕಾಲ ಅಂತ ಹೇಳೋಕೆ ಸಾಮಾನು ಸೇರಿಸೋದಾದ್ರೆ ಅದು ಇನ್ನೊಂದು ಥರದ ಸುಳ್ಳು. ಆ ಬೆನ್ನುನೋವಿನ ಕಥೆಯನ್ನೂ ಬರೆದಿಡಬೇಕು. ಹೊಳಪು ಯಾರ ಕೈಯದ್ದು ಅಂತ ಗೊತ್ತಾಗಬೇಕು.

ಮೂರನೆಯದು, ನನ್ನಂಥ ಹವ್ಯಾಸಿಗಳಿಗೇ ಹೇಳಬೇಕಾದ್ದು. ಬೆಲೆ ಗೊತ್ತಿಲ್ಲದವರ ಹತ್ರ ನೂರು ರೂಪಾಯಿಗೆ ಹೊಡೆದುಕೊಂಡು ಬಂದೆ ಅಂತ ಕೊಚ್ಚಿಕೊಳ್ಳೋ ಚಾಳಿ ನಮ್ಮಲ್ಲಿದೆ. ಮಲೆನಾಡಿನ ಮನೆಗಳ ಕೆತ್ತನೆ ಬಾಗಿಲು, ಕಂಬಗಳನ್ನು ಹಾಗೇ ಕಿತ್ತುಕೊಂಡು ಬಂದು ರೆಸಾರ್ಟುಗಳಿಗೆ ಮಾರ್ತಾರೆ. ಅದಕ್ಕೂ ಪ್ಯಾರಿಸ್ಸಿನ ವ್ಯಾಪಾರಿಗಳು ಮಾಡಿದ್ದಕ್ಕೂ ಏನು ವ್ಯತ್ಯಾಸ? ಮಣಿಪಾಲದ ವಿಜಯನಾಥ ಶೆಣೈ ಅವರು (2017ರಲ್ಲಿ ತೀರಿಕೊಂಡರು) ಬೀಳಲಿದ್ದ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ಕಟ್ಟಿಸಿದರು. ಅಲ್ಲಿ ಒಂದೊಂದು ಮನೆಗೂ ಅದು ಯಾವ ಊರಿನದ್ದು, ಎಂಥವರದ್ದು ಅಂತ ಗುರುತಿದೆ. ತಂದವರು ಅವರು, ಆದ್ರೆ ಹೆಸರು ಉಳಿದಿದ್ದು ಮನೆಯದ್ದು. ನಾವು ಅಷ್ಟು ದೊಡ್ಡದು ಮಾಡೋಕಾಗಲ್ಲ ನಿಜ. ಆದ್ರೆ ಅಳತೆಗೋಲು ಅದೇ ಇರಲಿ.

ನಾನು ಹೇಳೋದಿಷ್ಟೇ

ಹಳೇ ವಸ್ತು ಸೇರಿಸೋರಿಗೂ, ಸೇರಿಸೋ ಯೋಚನೆಯೇ ಇಲ್ಲದೆ ಊರಿನ ಮನೆ ಖಾಲಿ ಮಾಡೋಕೆ ಹೊರಟವರಿಗೂ ಒಂದೇ ಮಾತು. ಗುಜರಿ ಆಟೋ ಕರೆಯೋ ಮುಂಚೆ ಒಂದು ಭಾನುವಾರ ಮೀಸಲಿಡಿ. ಮನೆಯ ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಸಾಮಾನು ಅವರ ಮುಂದೆ ತಂದಿಡಿ. ನಾಲ್ಕು ಪ್ರಶ್ನೆ ಕೇಳಿ:

1. ಇದನ್ನು ಏನಂತ ಕರೀತಿದ್ರಿ? (ಎಷ್ಟೋ ಪಾತ್ರೆಗಳ ಹೆಸರು ನಿಘಂಟಿನಲ್ಲಿ ಸಿಗಲ್ಲ, ಅತ್ತೆಯ ಬಾಯಲ್ಲಿ ಸಿಗುತ್ತೆ.)
2. ಯಾರು ತಂದಿದ್ದು, ಎಲ್ಲಿಂದ, ಯಾವಾಗ?
3. ಯಾವ ಕೆಲಸಕ್ಕೆ, ಯಾರು ಬಳಸ್ತಿದ್ರು?
4. ಎಲ್ಲಿಡ್ತಿದ್ರು? (ಗೂಡಿನಲ್ಲೋ, ಶೋಕೇಸಿನಲ್ಲೋ, ದೇವರ ಮನೆಯಲ್ಲೋ.)

ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ಫೋಟೋ ತೆಗೆಯಿರಿ, ಪಾತ್ರೆಯ ಮೇಲೆ ಹೆಸರಿದ್ದರೆ ಹತ್ತಿರದಿಂದ ಇನ್ನೊಂದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ಆಮೇಲೆ ಎರಡೋ ಮೂರೋ ಇಟ್ಟುಕೊಂಡು ಮಿಕ್ಕಿದ್ದನ್ನು ಯಾರಿಗೆ ಬೇಕಾದ್ರೂ ಕೊಡಿ, ಬೇಕಿದ್ದರೆ ಗುಜರಿಗೇ ಹಾಕಿ. ನಾನು ಬೇಜಾರು ಮಾಡ್ಕೊಳಲ್ಲ. ಹಿತ್ತಾಳೆ ಕರಗಿಸಿದರೆ ಮತ್ತೆ ಹಿತ್ತಾಳೆ ಆಗುತ್ತೆ. ಅದು ಯಾರದ್ದು ಅಂತ ಹೇಳೋರು ಹೋದರೆ ಮತ್ತೆ ಬರಲ್ಲ. ನಮ್ಮ ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ಕಾನೂನಿಗೆ ಕಾಯೋಕೆ 2055ರವರೆಗೆ ಟೈಮಿದೆ, ಅತ್ತೆಯಂಥವರಿಗೆ ಇಲ್ಲ.

ನಿಮ್ಮ ಮನೆಯಲ್ಲಿ ಹೆಸರು, ಇಸವಿ ಕೊರೆದಿರೋ ಪಾತ್ರೆ ಇದೆಯಾ? ಎಲ್ಲಕ್ಕಿಂತ ಹಳೇ ಇಸವಿ ಯಾವುದು? ಇವತ್ತೇ ಅಡುಗೆಮನೆ ಅಟ್ಟ ಹತ್ತಿ ನೋಡಿ, ಏನು ಬರೆದಿದೆ ಅಂತ ಇಲ್ಲಿ ತಿಳಿಸಿ. ಅದರ ಬಗ್ಗೆ ನಿಮ್ಮ ಬ್ಲಾಗಿನಲ್ಲೇ ಬರೆದರಂತೂ ಇನ್ನೂ ಸಂತೋಷ, ಬಂದು ಓದ್ತೀನಿ.